ಬಾಗಿಲು ಮುಚ್ಚಿದರೂ ಆರದ ದೀಪ: ಪದ್ಮಿನಿಯ ಡೋರ್ ಸ್ವಿಚ್ ಪ್ರಕರಣ

ಕೊಡಗಿನ ಮಳೆಗಾಲದ ಕಕ್ಕಡ ಮಾಸದ ನಡುವೆ ಕೈಗೆತ್ತಿಕೊಂಡ ಕೆಲಸ, ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಕಳೆದು ಎರಡು ವಾರದ ಮೇಲೆ, ಮೊನ್ನೆ ರಾತ್ರಿ ಮುಗಿಯಿತು. ನಮ್ಮ 1978ರ ಪ್ರೀಮಿಯರ್ ಪದ್ಮಿನಿ ಕಾರಿನ ಎರಡು ಡೋರ್ ಸ್ವಿಚ್‌ಗಳನ್ನು (ಬಾಗಿಲು ತೆರೆದಾಗ ಗುಂಡಿ ಹೊರಬಂದು ಒಳಗಿನ ರೂಫ್ ಲೈಟ್ ಹತ್ತಿಸುವ, ಮುಚ್ಚಿದಾಗ ಗುಂಡಿ ಒತ್ತಿ ಆರಿಸುವ ಸ್ವಿಚ್‌ಗಳು) ಬದಲಿಸುವುದು ಒಂದು ಭಾನುವಾರದ ಬೆಳಗಿನ ಕೆಲಸವೆಂದು ನಾನು ಮನೆಯಲ್ಲಿ ಹೇಳಿದ್ದೆ. ಈ ಏಳು ವಾರಗಳಲ್ಲಿ ನನ್ನ ಹೆಂಡತಿ ಆ ಮಾತನ್ನು ಎಷ್ಟು ಸಲ ನೆನಪಿಸಿದಳೆಂಬ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ.

ಎಡಗಡೆಯ ಹಳೆಯ ಸ್ವಿಚ್ ಸತ್ತಿದ್ದರಲ್ಲಿ ಅನುಮಾನವಿರಲಿಲ್ಲ. ಅದರ ಗುಂಡಿ ಒಳಕ್ಕೆ ಹೋದದ್ದು ತುಕ್ಕಿನಲ್ಲಿ ಸಿಕ್ಕಿಕೊಂಡು ಹೊರಬರುತ್ತಲೇ ಇರಲಿಲ್ಲ, ಹಾಗಾಗಿ ಆ ಬಾಗಿಲು ತೆರೆದರೆ ರೂಫ್ ಲೈಟ್ ಹತ್ತುತ್ತಿರಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ, ಮೂರು ಕಡೆ ಮಾತ್ರ ಗೋಡೆಯಿರುವ ಶೆಡ್ಡಿನಲ್ಲಿ ನಿಂತ ಕಾರಿಗೆ ಇದೇನೂ ಅನ್ಯಾಯವಲ್ಲ. ಬಲಗಡೆಯದು ಸರಿಯಾಗಿಯೇ ಇತ್ತು. ಆದರೂ ಜೋಡಿಯಾಗಿ ಬದಲಿಸುವುದು ಲೇಸೆಂದು ಎರಡನ್ನೂ ತರಿಸಿದೆ.

ಮೈಸೂರಿನ ಬಿಡಿಭಾಗದ ಅಂಗಡಿಯವರು ಫೋನಿನಲ್ಲಿ ‘ಒರಿಜಿನಲ್ ಸರ್, ಹಳೆಯ ಸ್ಟಾಕ್’ ಎಂದು ಮೂರು ಸಲ ಹೇಳಿದ್ದರು. ಬಸ್ಸಿನಲ್ಲಿ ಬಂದ ಪೊಟ್ಟಣ ಬಿಚ್ಚಿದಾಗ ಒಳಗಿದ್ದದ್ದು ಯಾವುದೋ ಬೇರೆ ಕಾರಿನ ಸ್ವಿಚ್. ಗುಂಡಿ ಹಳೆಯದಕ್ಕಿಂತ 3 ಮಿ.ಮೀ. ಉದ್ದ. ಅದನ್ನು ಹಾಗೆಯೇ ಕೂರಿಸಿದರೆ ಬಾಗಿಲನ್ನು ಜಗಳವಾಡಿ ಹೊರಟವರಂತೆ ಬಡಿದು ಮುಚ್ಚಬೇಕಾಗುತ್ತಿತ್ತು. ತುದಿಯನ್ನು ಅರದಿಂದ ಉಜ್ಜಿದೆ. ಮೊದಲನೆಯದನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜಿದ್ದರಿಂದ, ಬಾಗಿಲು ಮುಚ್ಚಿದರೂ ಗುಂಡಿ ಪೂರ್ತಿ ಒಳಕ್ಕೆ ಹೋಗದೆ ದೀಪ ಉರಿಯುತ್ತಲೇ ಇತ್ತು. 5 ವ್ಯಾಟಿನ ಬಲ್ಬು ದಿನವಿಡೀ ಉರಿದರೆ ಬ್ಯಾಟರಿಯಿಂದ ಸುಮಾರು 10 ಆಂಪಿಯರ್ ಅವರ್ ಹೋಗುತ್ತದೆ, ಮೂರು ದಿನ ಕಾರನ್ನು ಮರೆತರೆ ನಾಲ್ಕನೆಯ ದಿನ ತಳ್ಳಲು ಜನ ಬೇಕು. ಆ ಸ್ವಿಚ್ಚನ್ನು ಬಿಸಾಡಿ ಮತ್ತೊಂದನ್ನು ತರಿಸಿದೆ. ಸ್ಕ್ರೂ ಕೂರುವ ಜಾಗದ ಬಣ್ಣವನ್ನು ಬರಿಯ ತಗಡು ಕಾಣುವವರೆಗೆ ಕೆರೆದದ್ದು, ಗ್ರೀಸ್ ಹಚ್ಚಿದ್ದು ಮುಂತಾದವನ್ನು ವಿವರಿಸಬೇಕಾಗಿಲ್ಲ; ಸ್ವಿಚ್ಚಿಗೆ ಬಾಡಿಯೇ ಅರ್ತ್ ಆಗಿರುವ, ಅಂದರೆ ದೀಪದ ಕರೆಂಟ್ ಸ್ವಿಚ್ಚಿನ ಮೂಲಕ ಕಾರಿನ ತಗಡಿಗೇ ಇಳಿಯುವ ಕಾರುಗಳಲ್ಲಿ ಕೈಯಾಡಿಸಿದವರೆಲ್ಲ ಅದನ್ನು ಬಲ್ಲರು.

ಇಲ್ಲಿಗೆ ಕೆಲಸ ಮುಗಿಯಬೇಕಿತ್ತು. ರಜೆಗೆ ಬಂದಿದ್ದ ಮಗ, ‘ಅಪ್ಪ, ಈ ಹಳದಿ ಬೆಳಕಿನಲ್ಲಿ ಏನೂ ಕಾಣುವುದಿಲ್ಲ’ ಎಂದು ಹಳೆಯ ಬಲ್ಬಿನ ಜಾಗದಲ್ಲಿ ಎಲ್‌ಇಡಿ ಹಾಕಿ ಬೆಂಗಳೂರಿಗೆ ಹೋದ. ಮಾರನೆಯ ರಾತ್ರಿ ಜೋರು ಮಳೆ, ಕರೆಂಟ್ ಬೇರೆ ಇಲ್ಲ. ಹಿತ್ತಿಲಿಗೆ ಹೋಗಿದ್ದ ಹೆಂಡತಿ ಒಳಗೆ ಬಂದು, ಕಾರಿನೊಳಗೆ ಯಾರೋ ಮೊಬೈಲ್ ಹಿಡಿದು ಕುಳಿತಿದ್ದಾರೆ ಎಂದಳು. ಟಾರ್ಚ್ ಹಿಡಿದು ಹೋದರೆ ಯಾರೂ ಇಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು, ರೂಫ್ ಲೈಟ್ ಮಾತ್ರ ಮಿಣುಕುಹುಳದಷ್ಟು ಬೆಳಗುತ್ತಿತ್ತು.

ಮೊದಲು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆ. ಎಡ ಸ್ವಿಚ್ಚಿನ ತಂತಿ ಕಳಚಿದೆ, ದೀಪ ಆರಲಿಲ್ಲ. ಬಲಗಡೆಯದನ್ನು ಕಳಚಿದೆ, ಆಗಲೂ ಆರಲಿಲ್ಲ. ಎರಡೂ ಸ್ವಿಚ್‌ಗಳು ನನ್ನ ಅಂಗೈಯಲ್ಲಿರುವಾಗ, ತಂತಿಗಳ ತುದಿಗಳು ಗಾಳಿಯಲ್ಲಿ ತೂಗುತ್ತಿರುವಾಗ, ತಲೆಯ ಮೇಲೆ ದೀಪ ತಣ್ಣಗೆ ಉರಿಯುತ್ತಿತ್ತು. ಮಡಿಕೇರಿಯ ಎಲೆಕ್ಟ್ರಿಷಿಯನ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಕೊಟ್ಟ ಪರಿಹಾರ: ‘ಸರ್, ಹಳೇ ಬಲ್ಬೇ ಹಾಕಿಬಿಡಿ.’ ಆಗ ಸಿಟ್ಟು ಬಂದಿತ್ತು. ಆದರೆ ಗಂಟಿನ ತುದಿ ಆ ಮಾತಿನಲ್ಲೇ ಇತ್ತು. ಹಳೆಯ ಬಲ್ಬು ಹಾಕಿದೊಡನೆ ಭೂತ ಮಾಯವಾಯಿತು. ತಂತಿಯ ಬಲ್ಬು ಕೆಂಪಗಾಗಲು ಸಾಕಷ್ಟು ಕರೆಂಟ್ ಬೇಕು. ಎಲ್‌ಇಡಿಗೆ ಒಂದೆರಡು ಮಿಲಿಆಂಪಿಯರ್ ಸಿಕ್ಕರೂ ಮಿಣುಕುತ್ತದೆ. ಅಂದರೆ ಸೋರಿಕೆ ಎಷ್ಟು ವರ್ಷಗಳಿಂದ ಇತ್ತೋ, ಹಳೆಯ ಬಲ್ಬು ಅದನ್ನು ನಮಗೆ ತೋರಿಸಿರಲಿಲ್ಲ, ಅಷ್ಟೆ.

ಬಲ್ಬು ತೆಗೆದು, ಹೋಲ್ಡರಿನ ಎರಡು ಕ್ಲಿಪ್ಪುಗಳ ನಡುವೆ ಮಲ್ಟಿಮೀಟರನ್ನು ಮಿಲಿಆಂಪಿಯರಿಗಿಟ್ಟು ಸಿಕ್ಕಿಸಿದೆ. ಮಳೆ ಬಂದ ರಾತ್ರಿ 2.8, ಎರಡು ದಿನ ಬಿಸಿಲು ಕಾದ ಮಧ್ಯಾಹ್ನ 0.3. ಹವಾಮಾನ ವರದಿ ಕೊಡುವ ರೂಫ್ ಲೈಟ್! ಇಷ್ಟು ಸೋರಿಕೆಯಿಂದ ಬ್ಯಾಟರಿ ಇಳಿಯುವುದಿಲ್ಲ, ಆದ್ದರಿಂದ ಬಿಟ್ಟುಬಿಡಬಹುದಿತ್ತು. ಆದರೆ ತಂತಿಯನ್ನು ನೆನೆಸುತ್ತಿರುವ ನೀರು ತಗಡನ್ನೂ ತಿನ್ನುತ್ತಿರುತ್ತದೆ. ಕೈಲ್ ಪೊಳ್ದ್‌ನಂದು ತೋಕ್ ಪೂ (ಕೋವಿ ಹೂ) ಮುಡಿದ ಕೋವಿ, ಕತ್ತಿಗಳ ಪಕ್ಕದಲ್ಲಿ ಈ ಮಲ್ಟಿಮೀಟರನ್ನೂ ಇಟ್ಟಿದ್ದೆ. ಮನೆಯವರು ನಕ್ಕರು, ನಾನು ತಮಾಷೆ ಮಾಡಿರಲಿಲ್ಲ.

ಕಾಫಿಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಬೆನ್ನಿನ ಪಂಪನ್ನು ಮೂರು ಸಲ ತೊಳೆದು (ಮೈಲುತುತ್ತದ ನೀರು ತಗಡಿಗೆ ಬಿದ್ದರೆ ಪತ್ತೆದಾರಿಕೆಯೇ ಅಪರಾಧವಾದೀತು), ಬರಿಯ ನೀರು ತುಂಬಿ, ಕಾರಿನ ಒಂದೊಂದೇ ಮೂಲೆಗೆ ಸಿಂಪಡಿಸಿ ಮೀಟರ್ ನೋಡುತ್ತ ಕುಳಿತೆ. ಬಾಗಿಲ ರಬ್ಬರಿಗೆ ಹೊಡೆದರೆ ಅಂಕಿ ಅಲುಗಲಿಲ್ಲ. ಬಲಗಡೆ ಎಲ್ಲಿಗೆ ಹೊಡೆದರೂ ಅಲುಗಲಿಲ್ಲ. ಮುಂದಿನ ಗಾಜಿನ ಎಡ ಕೆಳಮೂಲೆಗೆ ಹೊಡೆದು ಹತ್ತು ನಿಮಿಷ ಕಳೆದ ಮೇಲೆ 0.3 ಇದ್ದದ್ದು 0.9 ಆಯಿತು, ಆಮೇಲೆ 2.1.

ಎಡಗಡೆ ಕಾಲಿಡುವ ಜಾಗದ ಪಕ್ಕದ ಹಲಗೆ ಬಿಚ್ಚಿದಾಗ ಎಲ್ಲವೂ ಬಯಲಾಯಿತು. ಅಪ್ಪನ ಕಾಲದಲ್ಲಿ ಕ್ಯಾಸೆಟ್ ಪ್ಲೇಯರ್ ಕೂರಿಸಿದ ಪುಣ್ಯಾತ್ಮರು ಸ್ಪೀಕರಿಗೆ ತೂತು ಕೊರೆಯುವಾಗ ದೀಪದಿಂದ ಸ್ವಿಚ್ಚಿಗೆ ಇಳಿಯುವ ತಂತಿಯನ್ನು ಕತ್ತರಿಸಿ, ಯಾರಿಗೂ ಹೇಳದೆ, ಎರಡು ತುದಿಗಳನ್ನು ಹೊಸೆದು ಬಟ್ಟೆಯ ಟೇಪ್ ಸುತ್ತಿ ನೆಲದ ಸೆಣಬಿನ ಫೆಲ್ಟಿನ ಕೆಳಗೆ ತುರುಕಿದ್ದರು. ಗಾಜಿನ ಮೂಲೆಯಲ್ಲಿ ಇಳಿದ ನೀರನ್ನು ಫೆಲ್ಟು ಹೀರುತ್ತಿತ್ತು, ಟೇಪು ಫೆಲ್ಟಿನಿಂದ ಹೀರುತ್ತಿತ್ತು. ಹಸಿರುಗಟ್ಟಿದ ತಾಮ್ರದಿಂದ ಬಾಡಿಗೆ ಕರೆಂಟ್ ಹರಿಯಲು ಆ ಒದ್ದೆಯೇ ದಾರಿಯಾಗಿತ್ತು. ದೀಪದ ಪಾಲಿಗೆ ಆ ಗಂಟು ಎಂದೂ ಪೂರ್ತಿ ಮುಚ್ಚದ ಮೂರನೆಯ ಬಾಗಿಲು.

ಹಾಳಾದ ಎರಡಿಂಚು ಕತ್ತರಿಸಿ, ಹೊಸ ತಂತಿಯನ್ನು ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ, ನೀರು ತಲುಪದಂತೆ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಎತ್ತಿ ಕಟ್ಟಿದೆ. ಫೆಲ್ಟನ್ನು ಕಾಫಿ ಕಣದಲ್ಲಿ ಹರಡಿದ್ದೇನೆ, ಇನ್ನೂ ಒಣಗಿಲ್ಲ. ಮೊನ್ನೆ ರಾತ್ರಿಯ ಮಳೆಯಲ್ಲಿ ಮೀಟರ್ ತೋರಿಸಿದ್ದು 0.00.

ಮುಂದಿನ ಗಾಜಿನ ರಬ್ಬರಿಗೆ ಅದೇ ಅಂಗಡಿಯಲ್ಲಿ ಹೇಳಿದ್ದೆ, ಹಿಂದಿನ ಗಾಜಿನದು ಬಂದಿದೆ. ಅದು ಬದಲಾಗಿ ಬರುವವರೆಗೆ ಸುಮ್ಮನೆ ಕೂರುವ ಬದಲು ಶೆಡ್ಡಿನ ಮೂಲೆಯ ಯೆಜ್ಡಿ ಬೈಕಿನ ಟಾರ್ಪಾಲ್ ಎತ್ತಿ ನೋಡಿದೆ. ಕಿಕ್ಕರೂ ಗೇರೂ ಒಂದೇ ಕಡ್ಡಿಯಾಗಿರುವ ಆ ಮೈಸೂರಿನ ಗಾಡಿಯ ಡೈನಮೋ ಬಿಚ್ಚುವ ಕೆಲಸವನ್ನು ಮುಂದಿನ ತಿಂಗಳಿಗೆಂದು ಬರೆದಿಟ್ಟಿದ್ದೇನೆ. ಅದಕ್ಕೆ ಎಷ್ಟು ಭಾನುವಾರ ಬೇಕೆಂದು ಈ ಬಾರಿ ಮನೆಯಲ್ಲಿ ಹೇಳಿಲ್ಲ. ಸದ್ಯಕ್ಕೆ ಪದ್ಮಿನಿಯ ಗಾಜಿನ ಮೂಲೆಗೆ ಸೀಲಂಟ್ ಬಳಿದಿದ್ದೇನೆ. ಬಲ ಬಾಗಿಲಿನ ಹಳೆಯ ಸ್ವಿಚ್ಚನ್ನು ತೊಳೆದು ಪರೀಕ್ಷಿಸಿದೆ, ಹೊಸದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ. ನಾಳೆ ಅದನ್ನೇ ಮತ್ತೆ ಕೂರಿಸುತ್ತೇನೆ.