ದಿನಬಳಕೆಗೆ ಅಡ್ಮಿನ್ ಅಕೌಂಟ್ ಯಾಕೆ ಬೇಡ

ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮೊದಲು ಮಾಡಿಸುವ ಅಕೌಂಟೇ ಅಡ್ಮಿನಿಸ್ಟ್ರೇಟರ್, ಅಂದರೆ ಇಡೀ ಕಂಪ್ಯೂಟರನ್ನು ಬದಲಿಸುವ ಅಧಿಕಾರವಿರುವ ಅಕೌಂಟ್. ಬಹಳಷ್ಟು ಮನೆಗಳಲ್ಲಿ ಇರುವುದೂ ಅದೊಂದೇ. ಪಹಣಿ ತೆಗೆಯುವುದು, ಮಕ್ಕಳು ಗೇಮ್ ಇಳಿಸಿಕೊಳ್ಳುವುದು ಎಲ್ಲ ಅದರಲ್ಲೇ.

‘ಏನಾದರೂ ಬದಲಿಸುವ ಮುನ್ನ ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್) ಪೆಟ್ಟಿಗೆ ಬಂದು ಅನುಮತಿ ಕೇಳುತ್ತದಲ್ಲ’ ಎನ್ನಬಹುದು. ವಿಸ್ತಾ ಕಾಲದಿಂದ ಇರುವ ಈ ಏರ್ಪಾಡಿನಲ್ಲಿ ಅಡ್ಮಿನ್ ಲಾಗಿನ್ ಆದಾಗ ಎರಡು ಟೋಕನ್ (ಅಧಿಕಾರದ ಚೀಟಿ) ತಯಾರಾಗುತ್ತವೆ: ಒಂದು ಅಧಿಕಾರ ಕತ್ತರಿಸಿದ್ದು, ಇನ್ನೊಂದು ಪೂರ್ತಿ ಅಧಿಕಾರದ್ದು. ‘ಯೆಸ್’ ಒತ್ತಿದರೆ ಎರಡನೆಯದು ಕೈಗೆ ಬರುತ್ತದೆ. ತೊಂದರೆಯೆಂದರೆ, ಡೀಫಾಲ್ಟ್ ಮಟ್ಟದಲ್ಲಿ ಮೈಕ್ರೋಸಾಫ್ಟಿನವೇ ಕೆಲವು ಪ್ರೋಗ್ರಾಮ್‌ಗಳು ಕೇಳದೆಯೇ ಅದನ್ನು ಪಡೆಯುತ್ತವೆ. ವಿಂಡೋಸ್ ಜೊತೆಗೇ ಬರುವ ಫಾಡ್‌ಹೆಲ್ಪರ್ (fodhelper.exe) ಅಂಥದ್ದು. ಅದು ಏನು ತೆರೆಯಬೇಕೆಂದು ಬಳಕೆದಾರರ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ನೋಡುತ್ತದೆ. ಅಲ್ಲಿ ಬರೆಯಲು ಯಾರ ಅನುಮತಿಯೂ ಬೇಡ. ಮಾಲ್‌ವೇರ್ ಅಲ್ಲಿ ತನ್ನ ಹೆಸರು ತೂರಿಸಿದರೆ ಪ್ರಶ್ನೆಯ ಪೆಟ್ಟಿಗೆ ಕಾಣಿಸುವುದೇ ಇಲ್ಲ. ವಿಂಡೋಸಿನದೇ ಆ್ಯಂಟಿವೈರಸ್ ಡಿಫೆಂಡರ್ ಈಗ ಈ ಹಳೇ ಚಾಳಿಯನ್ನು ಹಿಡಿಯುತ್ತದೆ, ಆದರೆ ಇದರ ದಾಯಾದಿಗಳು ಹಲವು. ಒಳಹೊಕ್ಕ ಮೇಲೆ ಮಾಲ್‌ವೇರ್ ಶ್ಯಾಡೋ ಕಾಪಿ (ವಿಂಡೋಸ್ ಇಟ್ಟುಕೊಳ್ಳುವ ಫೈಲುಗಳ ಹಳೇ ಪ್ರತಿ) ಅಳಿಸಬಹುದು, ಆ್ಯಂಟಿವೈರಸ್‌ಗೆ ವಿನಾಯಿತಿ ಬರೆಯಬಹುದು, ಸದಾ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಆಗಿ ಕೂರಬಹುದು. ಸೀಮಿತ ಅಧಿಕಾರದ ‘ಸ್ಟ್ಯಾಂಡರ್ಡ್’ ಅಕೌಂಟಿಗೆ ಎರಡನೆಯ ಟೋಕನ್ನೇ ಇಲ್ಲ. ಕೇಳುವುದು ‘ಯೆಸ್’ ಅಲ್ಲ, ಅಡ್ಮಿನ್ ಪಾಸ್‌ವರ್ಡ್.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಹೊಸ ಯೂಸರ್ ಸೇರಿಸಿ. ‘ಚೇಂಜ್ ಅಕೌಂಟ್ ಟೈಪ್’ನಲ್ಲಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಬೇರೆಯದೇ ಪಾಸ್‌ವರ್ಡ್ ಇಡಿ. ಸೈನ್ ಔಟ್ ಆಗಿ, ಹೊಸದರಲ್ಲಿ ಒಮ್ಮೆ ಒಳಹೋಗಿ ಪಾಸ್‌ವರ್ಡ್ ಸರಿಯಿದೆಯೇ ನೋಡಿ, ಅಲ್ಲಿಂದಲೇ ಹಳೆಯದನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಪರೀಕ್ಷೆ ಬಿಟ್ಟರೆ ಮನೆಯೊಡೆಯರೇ ಹೊಸ್ತಿಲಾಚೆ. ನಿಮ್ಮ ಫೈಲುಗಳು, ಡೆಸ್ಕ್‌ಟಾಪ್ ಇದ್ದಲ್ಲೇ ಇರುತ್ತವೆ.

ಮುಂದಿನ ಕಿರಿಕಿರಿ ಇನ್‌ಸ್ಟಾಲರ್‌ಗಳದು. ಪಾಸ್‌ವರ್ಡ್ ಕೊಟ್ಟು ಓಡಿಸಿದಾಗ ಅದು ಓಡುವುದು ಅಡ್ಮಿನ್ ಹೆಸರಲ್ಲಿ. ‘ನನಗೆ ಮಾತ್ರ’ ಎಂದು ಆರಿಸಿದರೆ ಪ್ರೋಗ್ರಾಮ್ ಅಡ್ಮಿನ್ ಪ್ರೊಫೈಲಿನಲ್ಲಿ ಕೂರುತ್ತದೆ. ಎಲ್ಲ ಯೂಸರ್‌ಗಳಿಗೂ ಎಂದೇ ಆರಿಸಿ.

ಅಂಗಡಿಗಳ ಹಳೇ 32 ಬಿಟ್ ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ ತಂಟೆ. ಪ್ರೋಗ್ರಾಮ್ ಫೈಲ್ಸ್ ಒಳಗೇ ಡೇಟಾ ಬರೆಯುವ ಇಂಥವನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಇಲ್ಲದೆ ತೆರೆದರೆ, ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಬಳಕೆದಾರರ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ತಿರುಗಿಸಬಹುದು. ನಿನ್ನೆಯವರೆಗಿನ ಬಿಲ್ ಒಂದು ಕಡೆ, ಇಂದಿನದು ಇನ್ನೊಂದು ಕಡೆ! ಡೇಟಾ ಫೋಲ್ಡರನ್ನು ಡಿ ಡ್ರೈವ್‌ಗೆ ಸಾಗಿಸಿ. ಆಗದಿದ್ದರೆ ಆ ಒಂದು ಫೋಲ್ಡರಿಗೆ ಮಾತ್ರ ಮಾಡಿಫೈ (ಬದಲಿಸುವ) ಅನುಮತಿ ಕೊಡಿ.

ಆದರೆ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯಲು, ನಿಮ್ಮದೇ ಫೋಟೋಗಳಿಗೆ ಬೀಗ ಜಡಿಯಲು ಮಾಲ್‌ವೇರ್‌ಗೆ ಅಡ್ಮಿನ್ ಹಕ್ಕು ಬೇಕಿಲ್ಲ. ಫೋಟೋ ಉಳಿಯಬೇಕೆಂದರೆ ಬ್ಯಾಕಪ್ ಆದೊಡನೆ ಕಿತ್ತಿಡುವ ಎಕ್ಸ್‌ಟರ್ನಲ್ ಡಿಸ್ಕ್ ಬೇರೆಯೇ ಬೇಕು.