ಇನ್ನೊಬ್ಬರ ಉತ್ತರ, ನನ್ನ ಕೈಬರಹ

ನಾನು ಓದಿದ್ದು ಅರ್ಥಶಾಸ್ತ್ರ. ಆದರೂ ಐಹೊಳೆ ಶಾಸನದ ಬಗ್ಗೆ ಕೇಳಿದರೆ ಎರಡು ಪುಟ ಬರೆಯಬಲ್ಲೆ. ಕ್ರಿ.ಶ. 634, ಬರೆದ ಕವಿ ರವಿಕೀರ್ತಿ, ಹೊಗಳಿದ್ದು ಇಮ್ಮಡಿ ಪುಲಕೇಶಿಯನ್ನು. ಇದನ್ನು ನಾನು ಓದಿ ಕಲಿತಿಲ್ಲ, ಬರೆದು ಕಲಿತೆ. ಕಣ್ಣು ಕಾಣದ ಒಬ್ಬ ಅಕ್ಕ ಎಂಎ ಇತಿಹಾಸದ ಪರೀಕ್ಷೆಯಲ್ಲಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಆಗ ನಾನು ಬಿಎ ಎರಡನೇ ವರ್ಷ. ಸ್ಕ್ರೈಬ್ ಕೆಲಸಕ್ಕೆ, ಅಂದರೆ ಪರೀಕ್ಷೆಯಲ್ಲಿ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಡುವುದಕ್ಕೆ, ನನ್ನನ್ನು ಕಳಿಸಿದ್ದು ವಿಶ್ವವಿದ್ಯಾಲಯದ ಸಮಾನ ಅವಕಾಶ ಕೋಶ.

ಕೋಶ ಅಂದರೆ ಒಂದು ಕೋಣೆ, ಒಬ್ಬರು ಮೇಡಂ, ಒಂದಿಷ್ಟು ಫೈಲು. ಮೂಲೆಯ ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು, ಕನ್ನಡವನ್ನೂ ಓದುತ್ತದೆ. ಅಕ್ಕ ಅದನ್ನು ಎಂಥ ವೇಗಕ್ಕೆ ಇಟ್ಟುಕೊಂಡಿದ್ದರೆಂದರೆ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಆ ಕೋಣೆಗೆ ಎಲ್ಲರೂ ಬರುತ್ತಿದ್ದರು. ವಿದ್ಯಾರ್ಥಿವೇತನ ಬಾರದೆ ಶುಲ್ಕ ಕಟ್ಟಲಾಗದವರು, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪಾಠದ ಮುಂದೆ ಕಣ್ಣುಕಣ್ಣು ಬಿಡುವವರು, ಜಾತಿಯ ಮಾತು ಕೇಳಿ ನೊಂದು ಬಂದವರು. ಮೇಡಂ ಜಾಸ್ತಿ ಸಮಾಧಾನ ಹೇಳುತ್ತಿರಲಿಲ್ಲ. ಮೊದಲು ಕುರ್ಚಿ ತೋರಿಸಿ, "ಅರ್ಜಿ ಎಲ್ಲಿ ನಿಂತಿದೆ, ಹೇಳು" ಎನ್ನುತ್ತಿದ್ದರು. ನನಗೆ ಆ ರೀತಿಯೇ ಇಷ್ಟವಾಗಿತ್ತು.

ಸ್ಕ್ರೈಬ್ ಆಗಲು ಹೋದಾಗ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. "ನೀನು ಬಿಎ ಅಲ್ವಾ? ಸಾಕು" ಎಂದರು. ನಿಯಮವೇ ಹಾಗಿತ್ತು. 2018ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಅಭ್ಯರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಅವರ ಓದು ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಮೇಡಂ ಕೋಶದಿಂದ ಕಳಿಸುವವರಿಗೂ ಅದನ್ನೇ ಪಾಲಿಸುತ್ತಿದ್ದರು. ಬರೆಯುವವರಿಗೆ ವಿಷಯ ಗೊತ್ತಿದ್ದರೆ ಉತ್ತರ ಯಾರದು ಎಂಬ ಅನುಮಾನ ಬರುತ್ತದಲ್ಲ, ಅದಕ್ಕೆ. ಪರೀಕ್ಷೆಗೆ ಎರಡು ದಿನ ಮುಂಚೆ ಇಬ್ಬರೂ ಭೇಟಿಯಾಗಲು ಅವಕಾಶ ಕೊಡಬೇಕು ಎಂದೂ ಅದರಲ್ಲಿತ್ತು. ಆ ಎರಡು ದಿನ ಇಲ್ಲದಿದ್ದರೆ ನಮ್ಮ ಕತೆ ಮುಗಿಯುತ್ತಿತ್ತು.

ಏಕೆಂದರೆ ಹೇಳಿ ಬರೆಸುವುದು ಬೇರೆಯೇ ಕಸುಬು. ಅಕ್ಕ ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ಗೊತ್ತು ಮಾಡಿದರು. ಮೇಜಿನ ಮೇಲೆ ಒಂದು ಸಲ ತಟ್ಟಿದರೆ ಹೊಸ ಪ್ಯಾರಾ. ಎರಡು ಸಲ ತಟ್ಟಿದರೆ ಅಡಿಗೆರೆ. "ನಿಲ್ಲು" ಅಂದರೆ ಅವರು ಯೋಚಿಸುತ್ತಿದ್ದಾರೆ, ನಾನು ಪೆನ್ನು ಎತ್ತಬೇಕು, ಉಸಿರೂ ಜೋರಾಗಿ ಬಿಡಬಾರದು. ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಓದಬೇಕು, ಅಂಕಗಳ ಸಮೇತ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಮತ್ತೆ ಓದಬೇಕು. ದನಿಯಲ್ಲಿ ಏರಿಳಿತ ಬೇಡ, ಯಾವ ಪ್ರಶ್ನೆ ಸುಲಭ ಅಂತ ನನ್ನ ದನಿ ಹೇಳಬಾರದು.

ಎಲ್ಲಕ್ಕಿಂತ ಕಷ್ಟದ್ದು ಇದು: ಅವರು 643 ಅಂದರೆ 643 ಎಂದೇ ಬರೆಯಬೇಕು. ಸರಿಯಾದದ್ದು ನನಗೆ ಗೊತ್ತಿದ್ದರೂ ಕೈ ತಡೆಯಬಾರದು. ಒಂದು ಕ್ಷಣ ತಡೆದರೂ ಸಾಕು, ಕಣ್ಣು ಕಾಣದವರಿಗೆ ಪೆನ್ನಿನ ಸದ್ದು ನಿಂತದ್ದು ಕೇಳಿಸುತ್ತದೆ. "ನೀನು ನಿಂತರೆ ನನಗೆ ಸುಳಿವು ಕೊಟ್ಟ ಹಾಗೆ ಆಗುತ್ತೆ ಕಣೇ, ಅದು ನನಗೆ ಬೇಡ" ಎಂದಿದ್ದರು ಅಕ್ಕ. ತಪ್ಪೂ ಅವರದೇ ಆಗಿರಬೇಕು ಎಂಬ ಹಟ. ನಾನು ಆವರೆಗೆ ಸಹಾಯ ಅಂದರೆ ಇನ್ನೊಬ್ಬರ ಕೆಲಸ ಸುಲಭ ಮಾಡುವುದು ಅಂದುಕೊಂಡಿದ್ದೆ.

ನಮಗೆ ನೆಲಮಹಡಿಯಲ್ಲಿ ಪ್ರತ್ಯೇಕ ಕೊಠಡಿ ಕೊಟ್ಟಿದ್ದರು. ಜೋರಾಗಿ ಮಾತಾಡಬೇಕಲ್ಲ, ಉಳಿದವರ ಜೊತೆ ಕೂರುವ ಹಾಗಿಲ್ಲ. ನಕ್ಷೆಯಲ್ಲಿ ಗುರುತಿಸುವ ಪ್ರಶ್ನೆಗೆ ಬದಲಾಗಿ ಬೇರೆ ಪ್ರಶ್ನೆ ಇರುವಂತೆ ಮೇಡಂ ಪರೀಕ್ಷಾ ವಿಭಾಗಕ್ಕೆ ಮೊದಲೇ ಪತ್ರ ಬರೆದಿದ್ದರು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇರಬೇಕು. ಅಂದರೆ ಮೂರು ಗಂಟೆಯ ಪರೀಕ್ಷೆ ನಮಗೆ ನಾಲ್ಕು ಗಂಟೆ. ಕ್ಲಾಸಿನ ಕೆಲವರು "ಅವರಿಗೆ ಒಂದು ಗಂಟೆ ಸುಮ್ನೆ ಸಿಗುತ್ತೆ" ಎಂದು ಗೊಣಗುತ್ತಿದ್ದರು. ಅಂಥವರನ್ನು ಒಂದು ದಿನ ಸ್ಕ್ರೈಬ್ ಆಗಿ ಕೂರಿಸಬೇಕು ಅನ್ನಿಸುತ್ತಿತ್ತು. ಪ್ರಶ್ನೆ ಕೇಳಿ, ಉತ್ತರವನ್ನು ತಲೆಯಲ್ಲೇ ಜೋಡಿಸಿ, ಬರೆಯುವವಳ ಕೈಗೆ ತಕ್ಕ ಹಾಗೆ ನಿಧಾನಿಸಿ, ಕೊನೆಯ ಸಾಲು ಏನಿತ್ತು ಅಂತ ಮತ್ತೆ ಓದಿಸಿ ಮುಂದೆ ಹೋಗಬೇಕು. ಆ ಒಂದು ಗಂಟೆ ಅದಕ್ಕೇ ಖರ್ಚಾಗುತ್ತಿತ್ತು. ನಾಲ್ಕನೇ ಗಂಟೆಗೆ ನನ್ನ ಹೆಬ್ಬೆರಳು ಮರಗಟ್ಟಿರುತ್ತಿತ್ತು, ಅಕ್ಕನ ಗಂಟಲು ಒಣಗಿರುತ್ತಿತ್ತು.

ಕೋಶದಿಂದ ಎಲ್ಲವೂ ಆಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು, 2016ರ ಕಾಯ್ದೆಯಲ್ಲಿ ಅವು 21 ಆದವು. ಡಿಸ್‌ಲೆಕ್ಸಿಯಾದಂಥ ಕಲಿಕೆಯ ತೊಂದರೆಯೂ ಸೇರಿತು. ಉನ್ನತ ಶಿಕ್ಷಣದಲ್ಲಿ ಮೀಸಲು ಸೀಟು ಶೇ 3ರಿಂದ ಶೇ 5ಕ್ಕೆ ಏರಿತು. ಆದರೆ ಹೆಚ್ಚಿನ ಸೌಲಭ್ಯಕ್ಕೆಲ್ಲ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕೆಂಬ ಗೆರೆ. ನನ್ನ ಜೂನಿಯರ್ ಹುಡುಗನೊಬ್ಬನಿಗೆ ಬರೆಯುವಾಗ ಕೈ ಸೆಟೆದುಕೊಳ್ಳುತ್ತಿತ್ತು. ಸರ್ಟಿಫಿಕೇಟಿನಲ್ಲಿ ಅಷ್ಟು ಶೇಕಡಾ ಇರಲಿಲ್ಲ. ಹೀಗಾಗಿ ಸ್ಕ್ರೈಬ್ ಸಿಗಲಿಲ್ಲ. ಮೇಡಂ ಪತ್ರದ ಮೇಲೆ ಪತ್ರ ಬರೆದರು. ಅವನು ಅರ್ಧ ಪತ್ರಿಕೆ ಬರೆದು ಎದ್ದು ಬರುತ್ತಿದ್ದ.

2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಿಕಾಶ್ ಕುಮಾರ್ ಎಂಬುವರು ಯುಪಿಎಸ್‌ಸಿ ವಿರುದ್ಧ ಹೋಗಿದ್ದರು. ಅವರಿಗೂ ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ. ಶೇ 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸಬಾರದು ಎಂದು ಕೋರ್ಟ್ ಹೇಳಿತು. ಮರುವರ್ಷ ಆಗಸ್ಟ್‌ನಲ್ಲಿ ಅಂಥವರಿಗಾಗಿಯೇ ಮಾರ್ಗಸೂಚಿ ಬಂತು. ನಮ್ಮ ಹುಡುಗ ಅಷ್ಟರಲ್ಲಿ ಪದವಿ ಮುಗಿಸಿ ಹೋಗಿದ್ದ. ತೀರ್ಪಿನ ಸುದ್ದಿ ಬಂದ ದಿನ ಮೇಡಂಗೆ ಫೋನ್ ಮಾಡಿದ್ದೆ. "ಅವನ ಪತ್ರಗಳ ಪ್ರತಿ ಇಟ್ಟಿದ್ದೀನಿ, ಮುಂದಿನವರಿಗೆ ಬೇಕಾಗುತ್ತೆ" ಎಂದರು. ಬೇಸರವೋ ಖುಷಿಯೋ, ಅವರ ದನಿಯಲ್ಲಿ ಗೊತ್ತಾಗಲಿಲ್ಲ.

ಅಕ್ಕ ಈಗ ಉಪನ್ಯಾಸಕಿ. ಕೋಶದಲ್ಲಿ ಮೇಡಂ ಇನ್ನೂ ಇದ್ದಾರೆ, ಸ್ಕ್ರೈಬ್‌ಗಳ ಕೊರತೆಯೂ ಹಾಗೇ ಇದೆಯಂತೆ. ಎಂಎ ಪರೀಕ್ಷೆಗೆ ಪದವಿ ಓದುತ್ತಿರುವವರು ಬೇಕು. ಅಕ್ಷರ ಮುತ್ತಿನಂತೆ ಇರಬೇಕಿಲ್ಲ, ಓದಲು ಬಂದರೆ ಆಯಿತು. ಎರಡು ದಿನ ಮುಂಚೆ ಹೋಗಿ ಕೂರುವಷ್ಟು ಪುರುಸೊತ್ತು ಮಾತ್ರ ಬೇಕು.