ಟಾಮ್ ಟ್ರ್ಯಾಕಿನಲ್ಲಿ ಹುಡುಕಿದ್ದು ಓವರ್‌ಹೆಡ್‌ನಲ್ಲಿತ್ತು
ಶಿರಸಿಯ ನಮ್ಮ ಸ್ಟುಡಿಯೋದಲ್ಲಿ ಹೆಚ್ಚಾಗಿ ನಡೆಯುವುದು ಯಕ್ಷಗಾನದ ಪದ್ಯಗಳ ಧ್ವನಿಮುದ್ರಣ. ಹಾಗಾಗಿ ಚಂಡೆ, ಮದ್ದಳೆಗಳ ಮುಂದೆ ಮೈಕನ್ನು ಎಲ್ಲಿಡಬೇಕೆಂಬುದು ನನಗೆ ರೂಢಿಯಾಗಿದೆ. ಆದರೆ ಕಾರವಾರದ ಕಾಲೇಜು ಹುಡುಗರ ತಂಡವೊಂದು ಡ್ರಮ್‌ಸೆಟ್ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿ ಬಂದಾಗ ಆ ರೂಢಿ ಅರ್ಧಕ್ಕೇ ಸಾಕಾಯಿತು.

ಮುದ್ರಣ ಸಲೀಸಾಗಿ ಮುಗಿಯಿತು. ತೊಡಕಾದದ್ದು ಎಲ್ಲ ಮೈಕುಗಳ ಸದ್ದನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ನಲ್ಲಿ. ಸೆಟ್ಟಿನಲ್ಲಿ ಕೋಲಿನಿಂದ ಬಾರಿಸುವ ಟಾಮ್ ಎಂಬ ಎರಡು ಡ್ರಮ್ಮುಗಳ ಮೈಕುಗಳಲ್ಲಿ ಟಾಮಿಗಿಂತ ಸಿಂಬಲ್ಲಿನ (ಲೋಹದ ತಟ್ಟೆಯ) ಸದ್ದೇ ಹೆಚ್ಚಾಗಿ ತುಂಬಿಕೊಂಡಿದ್ದರಿಂದ, ಟಾಮ್ ಬಾರಿಸದ ಹೊತ್ತಿನಲ್ಲಿ ಆ ಮೈಕುಗಳು ಮುಚ್ಚಿರಲೆಂದು ಎರಡಕ್ಕೂ ಗೇಟ್ ಹಾಕಿದೆ; ಗೊತ್ತುಮಾಡಿದ ಮಿತಿಗಿಂತ ಸದ್ದು ಜೋರಾದಾಗ ಮಾತ್ರ ಮೈಕನ್ನು ತೆರೆಯುವ ಸಾಧನ ಅದು. ಗೇಟ್ ತೆರೆದಾಗಲೆಲ್ಲ ಕ್ರ್ಯಾಶ್ ಸಿಂಬಲ್ ಒಮ್ಮೆಲೇ ನುಗ್ಗುತ್ತಿತ್ತು. ಮಿತಿಯನ್ನು ಏರಿಸಿದರೆ ಮೆಲ್ಲಗಿನ ಪೆಟ್ಟುಗಳೇ ಮಾಯವಾಗುತ್ತಿದ್ದವು. ಎರಡನೆಯ ಚರಣದ ಕೊನೆಯ ಉರುಳಿಕೆಯನ್ನು ಕೇಳಿಸಿಕೊಂಡ ಡ್ರಮ್ಮರ್ ಹುಡುಗ, "ಸರ್, ನಾನು ಐದು ಪೆಟ್ಟು ಹೊಡೆದಿದ್ದೆ, ಇಲ್ಲಿ ಮೂರೇ ಕೇಳ್ತದೆ" ಎಂದ.

ಗೇಟ್ ತೆಗೆದು, ಟಾಮ್ ಮೈಕುಗಳನ್ನು ಮುಚ್ಚಿ, ಇಡೀ ಡ್ರಮ್‌ಸೆಟ್ಟಿನ ಮೇಲಿಟ್ಟ ಎರಡು ಓವರ್‌ಹೆಡ್ ಮೈಕುಗಳನ್ನಷ್ಟೇ ಕೇಳಿದಾಗ ಐದೂ ಪೆಟ್ಟುಗಳು ಅಲ್ಲಿದ್ದವು. ಟಾಮಿನ ಸದ್ದಿನ ಮುಖ್ಯ ಪಾಲು ಅಲ್ಲಿಯೇ ಇದೆ, ಹತ್ತಿರದ ಮೈಕು ಅದಕ್ಕೆ ತೂಕ ಕೊಟ್ಟರೆ ಸಾಕು ಎಂಬುದು ನನಗೆ ಹೊಳೆದದ್ದು ಆಗಲೇ. ಆದರೆ ಫ್ಲೋರ್ ಟಾಮಿನ (ನೆಲದ ಮೇಲೆ ಕಾಲೂರಿ ನಿಲ್ಲುವ ದೊಡ್ಡ ಟಾಮಿನ) ಮೈಕನ್ನು ಸೇರಿಸುತ್ತಿದ್ದಂತೆ ತೂಕ ಹೆಚ್ಚುವ ಬದಲು ಸದ್ದು ಸೊರಗಿತು. ಓವರ್‌ಹೆಡ್ ಮೈಕುಗಳು ಆ ಡ್ರಮ್ಮಿನಿಂದ ಸುಮಾರು 1.7 ಮೀಟರ್ ದೂರವಿದ್ದವು. ಸೆಕೆಂಡಿಗೆ 343 ಮೀಟರ್ ಸಾಗುವ ಸದ್ದು ಅಷ್ಟು ದೂರ ತಲುಪಲು 5 ಮಿಲಿಸೆಕೆಂಡು ಬೇಕು, ಅದು 100 ಹರ್ಟ್ಝ್ ಕಂಪನದ ಸರಿಯಾಗಿ ಅರ್ಧ ಸುತ್ತು. ಡ್ರಮ್ಮಿನ ಮೂಲಸ್ವರ ಆ ಆಸುಪಾಸಿನಲ್ಲೇ ಇದ್ದುದರಿಂದ ಒಂದು ಮೈಕಿನ ಅಲೆಯ ಉಬ್ಬು ಇನ್ನೊಂದರ ತಗ್ಗನ್ನು ನುಂಗುತ್ತಿತ್ತು. ಅಲೆಯ ಉಬ್ಬುತಗ್ಗುಗಳನ್ನು ಅದಲುಬದಲು ಮಾಡುವ ಪೊಲಾರಿಟಿಯ ಗುಂಡಿಯೊಂದನ್ನು ಒತ್ತಿದ ಕೂಡಲೇ ಹೊಟ್ಟೆ ತುಂಬಿದ ಸದ್ದು ಮರಳಿತು. ಅದಕ್ಕಾಗಿ ನಾನು ಒಂದು ಇಡೀ ಮಧ್ಯಾಹ್ನ ಈಕ್ಯೂ (ಬೇರೆಬೇರೆ ಕಂಪನಗಳ ಸದ್ದನ್ನು ಏರಿಳಿಸುವ ಸಾಧನ) ತಿರುಗಿಸುತ್ತ ಕುಳಿತಿದ್ದೆನೆಂಬುದನ್ನು ಹುಡುಗರಿಗೆ ಹೇಳಲಿಲ್ಲ.

ಬಳಿಕ ಟಾಮ್ ಟ್ರ್ಯಾಕುಗಳ ಖಾಲಿ ಭಾಗಗಳನ್ನು ಕೈಯಿಂದಲೇ ಕತ್ತರಿಸಿ, ಪ್ರತಿ ಪೆಟ್ಟಿನ ನಾದ ತಾನಾಗಿ ಇಳಿಯುವವರೆಗೆ ಬಾಲವನ್ನು ಉದ್ದವಾಗಿ ಉಳಿಸಿ ಮೆಲ್ಲಗೆ ಕರಗಿಸಿದೆ. ರಟ್ಟಿನ ಡಬ್ಬಿಯಂತೆ ಕೇಳುತ್ತಿದ್ದ 400 ಹರ್ಟ್ಝ್ ಆಸುಪಾಸನ್ನು ತಗ್ಗಿಸಿದೆ. ಕೋಲಿನ ಪೆಟ್ಟು ಸ್ಪಷ್ಟವಾಗಲೆಂದು 4,000 ಹರ್ಟ್ಝ್ ಬಳಿ ಏರಿಸಿದ್ದು ಸ್ವಲ್ಪವೇ, ಏಕೆಂದರೆ ಅಲ್ಲಿ ಏರಿಸಿದಷ್ಟೂ ಸಿಂಬಲ್ ಏರುತ್ತದೆ.

ಉಳಿದ ಒಂದು ತಪ್ಪು ಪೂರ್ತಿ ನನ್ನದು. ಮದ್ದಳೆಯನ್ನು ಭಾಗವತರ ಶ್ರುತಿಗೆ ಹೊಂದಿಸದೆ ರೆಕಾರ್ಡಿಂಗ್ ಆರಂಭಿಸದ ನಾನು, ಪ್ಲಾಸ್ಟಿಕ್ ಹೊದಿಕೆಯ ಈ ಡ್ರಮ್ಮಿಗೆ ಮಳೆಗಾಲದ ತೇವ ತಾಗದು ಎಂಬ ಧೈರ್ಯದಲ್ಲಿ ಅದರ ಕೆಳಹೊದಿಕೆಯ ತಿರುಪುಗಳನ್ನು ಮುಟ್ಟಿಯೂ ನೋಡಿರಲಿಲ್ಲ. ಅದರಲ್ಲಿ ಎರಡು ಸಡಿಲವಾಗಿದ್ದವು. ಆ ಹಾಡಿನಲ್ಲಿ ಫ್ಲೋರ್ ಟಾಮಿನ ಕೊನೆಯ ಪೆಟ್ಟು ಇಂದಿಗೂ ತುಸು ಗುಂಯ್‌ಗುಡುತ್ತದೆ; ಅದನ್ನು ಯಾವ ಈಕ್ಯೂನಿಂದಲೂ ತೆಗೆಯಲಾಗಲಿಲ್ಲ.